ಸೆಸಾರ್ ವಯೆಹೊ: ಕವಿತೆ ದೊಡ್ಡದಾ, ಬದುಕಿನ ಕಥೆ ದೊಡ್ಡದಾ?

ಅರೆಬರೆ ಓದುಗ
ನೆರೂದಾ, ಲೋರ್ಕಾ ಇಬ್ಬರನ್ನೂ ಒಂದಿಷ್ಟು ಓದಿಕೊಂಡಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಮುಂದೆ ಯಾರು ಅಂತ ಕೇಳಿದಾಗ ಗೆಳೆಯನೊಬ್ಬ ಪೆರುವಿನ ಸೆಸಾರ್ ವಯೆಹೊ ಹೆಸರು ಹೇಳಿದ. ಕ್ಲೇಟನ್ ಎಶಲ್‌ಮನ್ ಮಾಡಿದ ಇಂಗ್ಲಿಷ್ ಅನುವಾದ ತರಿಸಿಕೊಂಡೆ. ದಪ್ಪ ಪುಸ್ತಕ. ಮೊದಲು ಕವಿಯ ಬದುಕಿನ ಬಗ್ಗೆ ಓದಿದೆ. ಬೆಟ್ಟದೂರಿನ ಬಡ ಹುಡುಗ, ಸುಳ್ಳು ಕೇಸಿನಲ್ಲಿ ಜೈಲು, ಪ್ಯಾರಿಸ್ಸಿನಲ್ಲಿ ಹಸಿವು, 46ನೇ ವಯಸ್ಸಿಗೇ ಸಾವು. ಮನಸ್ಸು ಕರಗಿಹೋಯಿತು.

ಆಮೇಲೆ ಕವಿತೆಗೆ ಬಂದೆ. ಎಲ್ಲರೂ ಹೊಗಳುವ ‘ತ್ರಿಲ್ಸೆ’ ಸಂಕಲನವನ್ನೇ ಮೊದಲು ತೆರೆದೆ. ಒಂದನೇ ಕವಿತೆಯಲ್ಲೇ ಗಾಡಿ ಕೆಸರಲ್ಲಿ ಹೂತುಹೋಯಿತು. ದ್ವೀಪ, ಹಕ್ಕಿ ಹಿಕ್ಕೆ, ಗಲಾಟೆ. ಯಾರು ಮಾತಾಡುತ್ತಿದ್ದಾರೆ ಅಂತಲೂ ಗೊತ್ತಾಗಲಿಲ್ಲ.

ನನ್ನ ಅನುಮಾನ ಇಷ್ಟೇ. ಪಾಪ, ಅಷ್ಟು ಕಷ್ಟಪಟ್ಟವನು ಅಂತ ನಾವೆಲ್ಲ ಈ ಕವಿಗೆ ಗ್ರೇಸ್ ಮಾರ್ಕ್ಸ್ ಕೊಡುತ್ತಿದ್ದೀವಾ? ಓದಿದವರು ಹೇಳಿ.

ಅಂಕಪಟ್ಟಿ
ಯಾರ್ರೀ ನಿಮಗೆ ತ್ರಿಲ್ಸೆಯಿಂದ ಶುರು ಮಾಡಿ ಅಂದಿದ್ದು!

ತುಂಗೆ ದಂಡೆ
ಓದುಗರೇ, ಆ ಒಂದನೇ ಕವಿತೆಯಲ್ಲಿ ಪಂಡಿತರೂ ಒದ್ದಾಡಿದ್ದಾರೆ. ಪೆರುವಿನ ಕರಾವಳಿಯಲ್ಲಿ ಹಕ್ಕಿ ಹಿಕ್ಕೆ ಗುಡ್ಡೆಗುಡ್ಡೆಯಾಗಿ ಬಿದ್ದಿರುವ ದ್ವೀಪಗಳಿವೆ. ಅದನ್ನು ಗೊಬ್ಬರಕ್ಕೆ ಮಾರಿಯೇ ಆ ದೇಶ 19ನೇ ಶತಮಾನದಲ್ಲಿ ದುಡ್ಡು ಮಾಡಿತು. ಕೆಲವರು ಕವಿತೆಗೆ ಆ ಅರ್ಥ ಹಚ್ಚುತ್ತಾರೆ. ಇನ್ನು ಕೆಲವರು ಹೇಳುವುದು ಬೇರೆ. ಜೈಲಿನಲ್ಲಿ ಕೈದಿಗಳನ್ನು ಕಕ್ಕಸಿಗೆ ಕರೆದುಕೊಂಡು ಹೋಗಿ ಕಾವಲಿನವರು ಬೇಗ ಬೇಗ ಅಂತ ಗದರುತ್ತಾರಲ್ಲ, ಅದರ ಕವಿತೆಯಂತೆ ಅದು. ನೆಮ್ಮದಿಯಾಗಿ ಕೂರಲೂ ಬಿಡಲ್ಲವಲ್ಲ ಅನ್ನೋ ಗೊಣಗಾಟ. ನನಗೆ ಈ ಎರಡನೇ ಅರ್ಥವೇ ಇಷ್ಟ.

ಆದರೆ ನೀವು ಮೊದಲ ಸಂಕಲನ ‘ಲೋಸ್ ಎರಾಲ್ದೋಸ್ ನೆಗ್ರೋಸ್’ (ಕರಿಯ ದೂತರು) ಹಿಡಿಯಿರಿ. ಪುಸ್ತಕದ ಮೇಲೆ 1918 ಅಂತ ಇದೆ, ಓದುಗರ ಕೈಗೆ ಬಂದಿದ್ದು 1919ರಲ್ಲಿ. ಅಬ್ರಾಹಾಮ್ ವಾಲ್ದೆಲೊಮಾರ್ ಅನ್ನೋ ಆಗಿನ ಹೆಸರಾಂತ ಲೇಖಕ ಮುನ್ನುಡಿ ಬರೆದುಕೊಡುತ್ತಾನೆ ಅಂತ ಕಾದರು. ಮುನ್ನುಡಿ ಬರಲೇ ಇಲ್ಲ. ಕೊನೆಗೆ ಮುನ್ನುಡಿ ಇಲ್ಲದೆಯೇ ಹೊರಬಂತು.

ಅದರಲ್ಲಿ ಸತ್ತ ಅಣ್ಣ ಮಿಗೆಲ್ ಮೇಲೆ ಒಂದು ಕವಿತೆ ಇದೆ. ಮನೆಯ ಕಲ್ಲುಕಟ್ಟೆ ಮೇಲೆ ತಮ್ಮ ಒಬ್ಬನೇ ಕೂತಿದ್ದಾನೆ. ಇಬ್ಬರೂ ಕಣ್ಣಾಮುಚ್ಚಾಲೆ ಆಡುತ್ತಿದ್ದ ದಿನಗಳ ನೆನಪು. ಅಣ್ಣ ಒಂದು ಆಗಸ್ಟ್ ರಾತ್ರಿ ಬಚ್ಚಿಟ್ಟುಕೊಂಡ, ಈ ಸಲ ನಗುತ್ತಾ ಅಲ್ಲ, ಸಪ್ಪೆ ಮುಖ ಮಾಡಿಕೊಂಡು. ಹುಡುಕಿ ಹುಡುಕಿ ತಮ್ಮನಿಗೆ ಸಾಕಾಗಿದೆ. ಕೊನೆಯಲ್ಲಿ ಇಷ್ಟೇ ಹೇಳುತ್ತಾನೆ: ಬೇಗ ಹೊರಗೆ ಬಾರೋ, ಅಮ್ಮ ಗಾಬರಿ ಆಗಬಹುದು. ಸಾವು ಅನ್ನೋ ಪದವನ್ನೇ ಎತ್ತುವುದಿಲ್ಲ. ಇದಕ್ಕೆ ಕವಿಯ ಜೀವನಚರಿತ್ರೆ ಬೇಕಾ ಹೇಳಿ?

ಖಾರದಪುಡಿ
ಬೇಕು ಸ್ವಾಮಿ. ‘ಸತ್ತ ಅಣ್ಣ’ ಅಂತ ನೀವೇ ಮೊದಲು ಹೇಳಿ ಆಮೇಲೆ ಕವಿತೆ ಹೇಳಿದಿರಲ್ಲ!

ತುಂಗೆ ದಂಡೆ
ಶೀರ್ಷಿಕೆಯ ಕೆಳಗೆ ಕವಿಯೇ ‘ನೆನಪಿಗೆ’ ಅಂತ ಹಾಕಿದ್ದಾನೆ ಖಾರದಪುಡಿಯವರೇ. ಅದು ಕವಿತೆಯ ಭಾಗ. ನಾನು ಹೊರಗಿನಿಂದ ತಂದಿದ್ದಲ್ಲ.

ನಿವೃತ್ತ ಮೇಷ್ಟ್ರು
ಚರ್ಚೆ ಚೆನ್ನಾಗಿದೆ. ಆದರೆ ಮೊದಲ ಪೋಸ್ಟಿನ ‘ಬೆಟ್ಟದೂರಿನ ಬಡ ಹುಡುಗ’ ಅನ್ನುವುದನ್ನು ಸ್ವಲ್ಪ ತಿದ್ದಬೇಕು. ಬೆಟ್ಟದೂರು ಹೌದು. ಸಾಂತಿಯಾಗೊ ದೆ ಚೂಕೊ ಉತ್ತರ ಪೆರುವಿನ ಆಂಡೀಸ್‌ನಲ್ಲಿ, ಸುಮಾರು 3,100 ಮೀಟರ್ ಎತ್ತರದಲ್ಲಿದೆ. ಹುಟ್ಟಿದ್ದು 1892ರ ಮಾರ್ಚ್ 16, 11 ಮಕ್ಕಳಲ್ಲಿ ಕೊನೆಯವನು. ಆದರೆ ತಂದೆ ಊರಲ್ಲಿ ಸಣ್ಣಪುಟ್ಟ ಸರ್ಕಾರಿ ಹುದ್ದೆಯಲ್ಲಿದ್ದವರು. ಮನೆಯಲ್ಲಿ ಓದು ಬರಹ ಇತ್ತು. ಅಜ್ಜಂದಿರಿಬ್ಬರೂ ಸ್ಪೇನಿನ ಗಲೀಸಿಯಾದಿಂದ ಬಂದ ಪಾದ್ರಿಗಳು, ಅಜ್ಜಿಯರಿಬ್ಬರೂ ಅಲ್ಲಿನ ಮೂಲನಿವಾಸಿ ಹೆಂಗಸರು. ಪಾದ್ರಿಗಳಿಗೆ ಮದುವೆ ಇಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಉಳಿದದ್ದು ನೀವೇ ಅರ್ಥ ಮಾಡಿಕೊಳ್ಳಿ.

ದುಡ್ಡಿನ ತಾಪತ್ರಯ ಇತ್ತು, ಕಾಲೇಜು ನಡುವೆ ಬಿಟ್ಟು ದುಡಿಯಬೇಕಾಯಿತು ಅನ್ನುವುದೂ ನಿಜ. 1912ರಲ್ಲಿ ಉತ್ತರ ಪೆರುವಿನ ತ್ರುಹಿಯೊ ನಗರದ ಹತ್ತಿರದ ‘ರೋಮಾ’ ಅನ್ನೋ ದೊಡ್ಡ ಕಬ್ಬಿನ ತೋಟದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದ. ಮುಂಜಾನೆ ಕತ್ತಲಲ್ಲಿ ಸಾಲುಗಟ್ಟಿ ಕೆಲಸಕ್ಕೆ ಹೋಗುವ ಕೂಲಿಗಳನ್ನು ದಿನಾ ನೋಡಿದ. ಹಸಿದವನು ಅವನಲ್ಲ, ಹಸಿದವರ ಲೆಕ್ಕ ಬರೆದವನು ಅವನು. ಮೊದಲ ಸಂಕಲನದಲ್ಲಿ ಒಂದು ಕವಿತೆ ಇದೆ, ನಾನು ಕುಡಿಯುತ್ತಿರುವ ಕಾಫಿ ಬೇರೆ ಯಾರೋ ಬಡವನದ್ದಲ್ಲವೇ, ನಾನು ಹುಟ್ಟದಿದ್ದರೆ ಅವನು ಕುಡಿಯುತ್ತಿದ್ದನಲ್ಲವೇ ಅಂತ ಕೇಳುತ್ತಾನೆ. ಸ್ವಂತ ಕಷ್ಟ ಹೇಳಿಕೊಳ್ಳುವವನ ಧಾಟಿ ಅಲ್ಲ ಅದು. ತಾನೇ ಕದ್ದಿದ್ದೇನೆ ಅಂತ ಕೈಕಟ್ಟಿ ನಿಂತವನ ಧಾಟಿ.

ತ್ರುಹಿಯೊದಲ್ಲಿ ಮೇಷ್ಟ್ರಾಗಿಯೂ ಇದ್ದ. ಅವನ ತರಗತಿಯ ಪುಟ್ಟ ಹುಡುಗರಲ್ಲಿ ಒಬ್ಬ ಸಿರೊ ಅಲೆಗ್ರಿಯಾ. ಆ ಹುಡುಗ ಮುಂದೆ ಪೆರುವಿನ ದೊಡ್ಡ ಕಾದಂಬರಿಕಾರ ಆದ. ಒಂದೇ ಕ್ಲಾಸ್‌ರೂಮಿನಲ್ಲಿ ಇಬ್ಬರು!

ಅಂಕಪಟ್ಟಿ
ಮೇಷ್ಟ್ರು ಮೇಷ್ಟ್ರ ಪರ. 😄

ಖಾರದಪುಡಿ
ಮೇಷ್ಟ್ರೇ, ಕೇಸಿನ ಬಗ್ಗೆಯೂ ಹೇಳಿ. ‘ಸುಳ್ಳು ಕೇಸು’ ಅಂತ ಎಲ್ಲರೂ ಬರೆಯುತ್ತಾರೆ. ಕವಿ ಅಂದ ತಕ್ಷಣ ನಿರಪರಾಧಿ ಆಗಿಬಿಡುತ್ತಾನಾ?

ನಿವೃತ್ತ ಮೇಷ್ಟ್ರು
ಗಲಾಟೆ ನಡೆದಿದ್ದು 1920ರ ಆಗಸ್ಟ್ 1ರಂದು. ಊರಹಬ್ಬದ ಹೊತ್ತು. ಕವಿ ಲೀಮಾದಿಂದ ಊರಿಗೆ ಬಂದಿದ್ದ. ಊರಲ್ಲಿ ಎರಡು ಬಣಗಳ ಜಗಳ ಮೊದಲೇ ಇತ್ತು. ಗುಂಡು ಹಾರಿತು, ಜನ ಸತ್ತರು, ಸಾಂತಾ ಮರಿಯಾ ಮನೆತನದ ಅಂಗಡಿಗೆ ಬೆಂಕಿ ಬಿತ್ತು. ಆ ಮನೆತನದವರು ಕೇಸು ಹಾಕಿದರು. ಬೆಂಕಿ ಹಚ್ಚಿದವನು ಇವನು ಅಂತಲ್ಲ, ಹಚ್ಚಲು ಕುಮ್ಮಕ್ಕು ಕೊಟ್ಟವನು ಅಂತ. ಕೆಲವು ವಾರ ಗೆಳೆಯ ಆಂತೆನೊರ್ ಒರ್ರೇಗೊ ಮನೆಯಲ್ಲಿ ತಲೆಮರೆಸಿಕೊಂಡಿದ್ದ. ನವೆಂಬರ್ 6ರಂದು ಸಿಕ್ಕಿಬಿದ್ದ. 112 ದಿನ ತ್ರುಹಿಯೊ ಜೈಲಿನಲ್ಲಿದ್ದ. ಲೇಖಕರು, ವಿದ್ಯಾರ್ಥಿಗಳು ಅರ್ಜಿ ಹಾಕಿ ಒತ್ತಾಯ ಮಾಡಿದ ಮೇಲೆ 1921ರ ಫೆಬ್ರವರಿಯಲ್ಲಿ ಬಿಟ್ಟರು.

ಆದರೆ ಕೇಸು ಮುಗಿಯಲಿಲ್ಲ. ಬಾಗಿಲು ಅರ್ಧ ತೆರೆದು ಇಟ್ಟ ಹಾಗೆ ಇಟ್ಟಿದ್ದರು. 1923ರಲ್ಲಿ ಯುರೋಪಿಗೆ ಹಡಗು ಹತ್ತಿದವನು ಮತ್ತೆ ಪೆರುವಿಗೆ ಕಾಲಿಡದೆ ಇದ್ದುದಕ್ಕೆ ಅದೂ ಒಂದು ಕಾರಣ. 2007ರಲ್ಲಿ ಪೆರುವಿನ ನ್ಯಾಯಾಂಗ ಅವನ ಹೆಸರಿಗೆ ಅಂಟಿದ್ದ ಕಳಂಕ ತೊಳೆಯಿತು. ಸತ್ತು ಸುಮಾರು 70 ವರ್ಷ ಆದಮೇಲೆ.

ಖಾರದಪುಡಿ
ನಮ್ಮ ಕಡೆಯ ಸಿವಿಲ್ ಕೇಸುಗಳಿಗೂ ಆ ಅಭ್ಯಾಸ ಇದೆ.

ಗೋಲ್‌ಕೀಪರ್
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನಗೆ ವಯೆಹೊ ಅಂದ್ರೆ ಫುಟ್‌ಬಾಲ್ ಕ್ಲಬ್! ತ್ರುಹಿಯೊದ ‘ಯೂನಿವರ್ಸಿದಾದ್ ಸೆಸಾರ್ ವಯೆಹೊ’ ತಂಡ. ಅವನ ಹೆಸರಿನ ಯೂನಿವರ್ಸಿಟಿ ಇದೆ, ಆ ಯೂನಿವರ್ಸಿಟಿಗೆ ಪೆರು ಲೀಗಿನಲ್ಲಿ ಆಡಿದ ತಂಡ ಇದೆ. ಅಭಿಮಾನಿಗಳು ಆಟಗಾರರನ್ನು ಕರೆಯೋದೇ ‘ಕವಿಗಳು’ ಅಂತ. ಹುಲಿ, ಸಿಂಹ, ಗೂಳಿ ಅಂತ ಹೆಸರಿಟ್ಟುಕೊಳ್ಳುವ ಜಗತ್ತಿನಲ್ಲಿ ಇವರೊಬ್ಬರು. ‘ಕವಿಗಳು 2, ಎದುರಾಳಿ 1’ ಅಂತ ಓದೋಕೇ ಮಜಾ.

ಧಾರವಾಡದಾಂವ
ನಮ್ಮ ಊರಾಗ ಇಂಥಾ ಒಂದು ತಂಡ ಕಟ್ಟಿದರ ಹನ್ನೊಂದು ಮಂದಿ ಕವಿಗಳು ಸಾಲೋದಿಲ್ಲ, ಎಲ್ಲಾರಿಗೂ ಕ್ಯಾಪ್ಟನ್ ಆಗಬೇಕು.

ನಿರ್ವಾಹಕರು
ಫುಟ್‌ಬಾಲಿಗೆ ಬೇರೆ ವಿಭಾಗ ಇದೆ. ಆದರೂ ಇರಲಿ, ಅಳಿಸುವುದಿಲ್ಲ.

ಅರೆಬರೆ ಓದುಗ
ಮೇಷ್ಟ್ರೇ, ತುಂಬಾ ವಿಷಯ ಗೊತ್ತಾಯಿತು. ಆದರೆ ನೋಡಿ, ನಾನು ಕವಿತೆ ಕೇಳಿದರೆ ಮತ್ತೆ ಬದುಕಿನ ಕಥೆಯೇ ಬಂತು! ಜೈಲಿನಲ್ಲಿ ತ್ರಿಲ್ಸೆ ಬರೆದ, ಜೈಲಿನ ಪ್ರೆಸ್ಸಿನಲ್ಲೇ ಅಚ್ಚಾಯಿತು ಅಂತೆಲ್ಲ ಓದಿದೆ. ಇಂಥ ಕಥೆ ಇದ್ದರೆ ಪುಸ್ತಕ ಮಾರಾಟ ಆಗದೆ ಇರುತ್ತಾ?

ತುಂಗೆ ದಂಡೆ
ಮಾರಾಟ ಆಗಲಿಲ್ಲ ಅನ್ನೋದೇ ಸತ್ಯ! 1922ರಲ್ಲಿ ಅಚ್ಚು ಹಾಕಿಸಿದ್ದು 200 ಪ್ರತಿ. ಒಂದು ಕಥೆಗೆ ಬಂದ ಬಹುಮಾನದ ದುಡ್ಡು ಹಾಕಿದ. ಅಚ್ಚಾಗಿದ್ದು ಲೀಮಾದ ಸೆರೆಮನೆಯ ಮುದ್ರಣಾಲಯದಲ್ಲಿ. ಇವನು ಕೈದಿಯಾಗಿದ್ದು ತ್ರುಹಿಯೊದಲ್ಲಿ. ಎರಡೂ ಬೇರೆ ಜೈಲು, ಬಹಳ ಜನ ಕಲಸಿಬಿಡುತ್ತಾರೆ. ಸಂಕಲನದಲ್ಲಿ ಕೆಲವು ಕವಿತೆ ಮಾತ್ರ ಜೈಲಿನವು. ಅಡಗಿಕೊಂಡಿದ್ದಾಗ, ಅದಕ್ಕೆ ಮುಂಚೆ, ಆಮೇಲೆ ಬರೆದವೂ ಇವೆ. ಪುಸ್ತಕ ಬಂದಾಗ ಲೀಮಾದಲ್ಲಿ ಬಹುತೇಕ ಯಾರೂ ಕ್ಯಾರೇ ಅನ್ನಲಿಲ್ಲ.

77 ಕವಿತೆ, ಒಂದಕ್ಕೂ ಶೀರ್ಷಿಕೆ ಇಲ್ಲ, ಬರೀ ರೋಮನ್ ಅಂಕಿ. ನೀವು ಈ ಕ್ರಮದಲ್ಲಿ ಓದಿ: 3, 28, 18, 23. ಮೂರರಲ್ಲಿ ಮನೆಯ ದೊಡ್ಡವರೆಲ್ಲ ಹೊರಗೆ ಹೋಗಿದ್ದಾರೆ. ಮಕ್ಕಳು ಕಾಯುತ್ತಿದ್ದಾರೆ. ಕುರುಡ ಸಾಂತಿಯಾಗೊ ಆರು ಗಂಟೆ ಬಾರಿಸುತ್ತಾನೆ, ಕತ್ತಲಾಗುತ್ತಿದೆ. ಒಂದು ಮಗು ಉಳಿದವರಿಗೆ ಸಮಾಧಾನ ಹೇಳುತ್ತಾ ಹೇಳುತ್ತಾ ಕೊನೆಗೆ ಕತ್ತಲಲ್ಲಿ ಕೂಗುತ್ತದೆ, ನನ್ನೊಬ್ಬನನ್ನೇ ಬಿಟ್ಟು ಹೋಗಬೇಡಿ, ಸೆರೆಯಾಳು ನಾನೊಬ್ಬನೇ ಆಗೋದು ಬೇಡ ಅಂತ. ಮಗುವಿನ ಬಾಯಲ್ಲಿ ‘ಸೆರೆಯಾಳು’ ಅನ್ನೋ ಮಾತು ಎಲ್ಲಿಂದ ಬಂತು? ಅಲ್ಲಿ ಕವಿತೆ ಒಮ್ಮೆಗೇ ಎರಡು ಕಾಲದಲ್ಲಿ ನಿಲ್ಲುತ್ತದೆ. 28ರಲ್ಲಿ ಒಂಟಿಯಾಗಿ ಊಟ ಮಾಡಿದೆ, ಅಮ್ಮ ಇರಲಿಲ್ಲ, ‘ಬಡಿಸ್ಕೋ’ ಅನ್ನುವವರು ಇರಲಿಲ್ಲ ಅಂತ ಶುರು. ಬೇರೆಯವರ ಮನೆಯಲ್ಲಿ ಅವರವರ ಅಮ್ಮಂದಿರು ಬಡಿಸುವಾಗ ಗಂಟಲಲ್ಲಿ ತುತ್ತು ಇಳಿಯಲ್ಲ. ಇಷ್ಟು ಸರಳ.

ಖಾರದಪುಡಿ
ತುಂಗೆಯವರು ಆರಿಸಿದ ನಾಲ್ಕೂ ಅಮ್ಮ, ಮನೆ, ಜೈಲು! ಸುಲಭವಾದವನ್ನು ಹೆಕ್ಕಿ ‘ನೋಡಿ ಎಷ್ಟು ಸರಳ’ ಅನ್ನೋದು ಮೋಸ ಅಲ್ವಾ? ಉಳಿದ 70ಕ್ಕೂ ಹೆಚ್ಚು ಕವಿತೆಗಳಲ್ಲಿ ಪದಗಳನ್ನೇ ಮುರಿದಿದ್ದಾನೆ, ಅಂಕಿ ತುರುಕಿದ್ದಾನೆ, ಕಾಗುಣಿತ ಬೇಕಂತ ಕೆಡಿಸಿದ್ದಾನೆ. ಅದು ಹೊಸತು ಅಂತ ಒಪ್ಪುತ್ತೇನೆ. 1922ರಲ್ಲಿ, ಪ್ಯಾರಿಸ್ ನೋಡುವ ಮೊದಲೇ, ಲೀಮಾದಲ್ಲಿ ಕೂತು ಒಬ್ಬನೇ ಅಷ್ಟು ದೂರ ಹೋದ ಅಂದರೆ ಸಣ್ಣ ಮಾತಲ್ಲ. ಆದರೆ ಓದೋಕೆ ಖುಷಿ ಕೊಡುತ್ತಾ? ನನಗಂತೂ ಇಲ್ಲ. ನನ್ನ ಮಟ್ಟಿಗೆ ವಯೆಹೊ ಅಂದ್ರೆ ಪ್ಯಾರಿಸ್ಸಿನ ಕೊನೆಯ ಕವಿತೆಗಳು, ಅಷ್ಟೇ.

ಪ್ಯಾರಿಸ್ ಪರದೇಸಿ
ಪ್ಯಾರಿಸ್ ಅಂದ್ರಲ್ಲ, ಬಂದೆ. ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದಿದ್ದೇನೆ. ಮೋಂಪಾರ್ನಾಸ್ ಸ್ಮಶಾನದಲ್ಲಿ ಅವನ ಸಮಾಧಿ ನೋಡಿದ್ದೇನೆ. ಸಾರ್ತ್ರ್, ಬೋದಿಲೇರ್ ನೋಡಲು ಬಂದವರು ಪಕ್ಕದ ದಾರಿಯಲ್ಲೇ ಹೋಗುತ್ತಾರೆ, ಇವನ ಹತ್ತಿರ ನಿಲ್ಲುವವರು ಹೆಚ್ಚಾಗಿ ಸ್ಪ್ಯಾನಿಷ್ ಮಾತಾಡುವವರು. 1938ರಲ್ಲಿ ಪ್ಯಾರಿಸ್ ಪಕ್ಕದ ಮೋಂರೂಜ್‌ನಲ್ಲಿ ಹೂತಿದ್ದರು. ಹೆಂಡತಿ ಜಾರ್ಜೆತ್ 1970ರಲ್ಲಿ ಇಲ್ಲಿಗೆ ತರಿಸಿದಳು.

‘ಪ್ಯಾರಿಸ್ಸಿನಲ್ಲಿ ಹಸಿವು’ ನಿಜ, ಆದರೆ 15 ವರ್ಷ ಬರೀ ಹಸಿವು ಅಲ್ಲ. 1923ರ ಜುಲೈನಲ್ಲಿ ಬಂದ. ಮರುವರ್ಷ ಕರುಳಿನ ರಕ್ತಸ್ರಾವ ಆಗಿ ಧರ್ಮಾಸ್ಪತ್ರೆಯಲ್ಲಿ ಆಪರೇಷನ್. ಆಮೇಲೆ ಲೀಮಾದ ‘ಮುಂದಿಯಾಲ್’, ‘ವಾರಿಯೆದಾದೆಸ್’ ಪತ್ರಿಕೆಗಳಿಗೆ ಲೇಖನ ಬರೆದು ಬದುಕಿದ. ನಾಟಕ, ಕ್ರೀಡೆ, ರಾಜಕೀಯ, ಫ್ಯಾಷನ್, ಸಿಕ್ಕಿದ್ದೆಲ್ಲ ಬರೆದ. ಸ್ಪೇನ್ ಸರ್ಕಾರ ಕಾನೂನು ಓದಲು ವಿದ್ಯಾರ್ಥಿವೇತನ ಕೊಟ್ಟಿತು. ಮ್ಯಾಡ್ರಿಡ್‌ಗೆ ಹೋಗಿ ದುಡ್ಡು ತಗೊಂಡು ಪ್ಯಾರಿಸ್ಸಿಗೆ ವಾಪಸ್. ಕ್ಲಾಸಿಗೆ ಹೋಗಿದ್ದೇ ಇಲ್ಲ! ಜಾರ್ಜೆತ್ ತಾಯಿ ತೀರಿಕೊಂಡಾಗ ಬಂದ ಆಸ್ತಿಯಲ್ಲಿ ಇಬ್ಬರೂ ಯುರೋಪ್, ರಷ್ಯಾ ಸುತ್ತಿದರು. ದುಡ್ಡು ಬಂದಾಗ ಖರ್ಚು, ಇಲ್ಲದಾಗ ಇಲ್ಲ. ಸಂತ ಮಾಡಬೇಡಿ ಅವನನ್ನು.

ಇನ್ನೊಂದು. ‘ಪ್ಯಾರಿಸ್ಸಿನಲ್ಲಿ ಜೋರು ಮಳೆ ಬರುವಾಗ ಸಾಯುತ್ತೇನೆ, ಬಹುಶಃ ಇವತ್ತಿನ ಹಾಗೆ ಒಂದು ಗುರುವಾರ, ಶರತ್ಕಾಲದಲ್ಲಿ’ ಅಂತ ಬರೆದ ಕವಿತೆ ಇದೆಯಲ್ಲ, ಅವನು ತನ್ನ ಸಾವನ್ನು ಮೊದಲೇ ಕಂಡಿದ್ದ ಅಂತ ಎಲ್ಲರೂ ಪುಳಕಗೊಳ್ಳುತ್ತಾರೆ. ಸತ್ತಿದ್ದು 1938ರ ಏಪ್ರಿಲ್ 15. ಶುಕ್ರವಾರ. ವಸಂತಕಾಲ. ಊರೊಂದು ಸರಿ ಹೋಯಿತು, ಅದೂ ಅವನು ಇದ್ದ ಊರೇ.

ಅಂಕಪಟ್ಟಿ
ನಮ್ಮ ಟಿವಿ ಜ್ಯೋತಿಷಿಗಳಿಗಿಂತ ವಾಸಿ.

ಧಾರವಾಡದಾಂವ
ಅದು ಸಾದಾ ಶುಕ್ರವಾರ ಅಲ್ರೀ, ಗುಡ್ ಫ್ರೈಡೇ! ಯೇಸುವನ್ನು ಶಿಲುಬೆಗೆ ಏರಿಸಿದ ದಿನ. ಭಕ್ತರು ಅದನ್ನ ಹಿಡಕೊಂಡಾರ.

ತುಂಗೆ ದಂಡೆ
ಆ ಕವಿತೆಯನ್ನು ಭವಿಷ್ಯವಾಣಿ ಅಂತ ಓದಿದರೆ ಅದರ ತುಂಟತನ ಕಾಣೋದಿಲ್ಲ. ಸಾಯುವ ದಿನ ನನಗಾಗಲೇ ನೆನಪಿದೆ ಅಂತಾನೆ. ಇವತ್ತು ತೋಳಿನ ಮೂಳೆಗಳನ್ನು ಸರಿಯಾಗಿ ಹಾಕಿಕೊಂಡಿಲ್ಲ ಅಂತಾನೆ, ಅಂಗಿ ತೋಳು ಹಾಕಿಕೊಂಡ ಹಾಗೆ. ಆಮೇಲೆ ‘ಸೆಸಾರ್ ವಯೆಹೊ ಸತ್ತಿದ್ದಾನೆ, ಎಲ್ಲರೂ ಅವನನ್ನು ಹೊಡೆಯುತ್ತಿದ್ದರು, ಅವನೇನೂ ಮಾಡಿರಲಿಲ್ಲ’ ಅಂತ ಪೊಲೀಸ್ ವರದಿಯ ಹಾಗೆ ಹೇಳಿ, ಸಾಕ್ಷಿಗಳ ಪಟ್ಟಿ ಕೊಡುತ್ತಾನೆ. ಗುರುವಾರಗಳು, ತೋಳಿನ ಮೂಳೆಗಳು, ಒಂಟಿತನ, ಮಳೆ, ದಾರಿಗಳು. ಕೋರ್ಟು ಕಂಡವನ ಕವಿತೆ. ಅಳುತ್ತಲೇ ಅಣಕಿಸುತ್ತಾನೆ.

ಕೆಂಪು ಟೋಪಿ
ಇಷ್ಟು ಹೊತ್ತಾದರೂ ಯಾರೂ ಸ್ಪೇನ್ ಅಂತರ್ಯುದ್ಧದ ಹೆಸರೇ ಎತ್ತಲಿಲ್ಲ. ಆಶ್ಚರ್ಯ. ಅಮ್ಮ, ಅಣ್ಣ, ಮಳೆ, ಸ್ಮಶಾನ. ಅವನು ಕಮ್ಯುನಿಸ್ಟ್ ಆಗಿದ್ದ ಅಂದರೆ ಕವಿತೆ ಓದೋಕೆ ಅಡ್ಡಿಯಾಗುತ್ತಾ?

1928, 1929, 1931, ಮೂರು ಸಲ ಸೋವಿಯತ್ ಒಕ್ಕೂಟಕ್ಕೆ ಹೋದ. 1930ರ ಕೊನೆಗೆ ಫ್ರಾನ್ಸ್ ಸರ್ಕಾರ ರಾಜಕೀಯ ಕಾರಣಕ್ಕೆ ದೇಶ ಬಿಡು ಅಂತ ಆದೇಶ ಮಾಡಿತು. ಮ್ಯಾಡ್ರಿಡ್‌ಗೆ ಹೋಗಿ ಅಲ್ಲಿ ಪಕ್ಷ ಸೇರಿದ. ಯುದ್ಧ ಶುರುವಾದಾಗ ಪ್ಯಾರಿಸ್ಸಿನಿಂದ ಫ್ರಾಂಕೊ ಪಡೆಗೆ ಎದುರು ನಿಂತ ಗಣರಾಜ್ಯ ಸರ್ಕಾರದ ಪರ ಕೆಲಸ ಮಾಡಿದ, ನೆರೂದಾ ಜೊತೆಗೂ. 1937ರ ಜುಲೈನಲ್ಲಿ ಫ್ಯಾಸಿಸ್ಟ್ ವಿರೋಧಿ ಲೇಖಕರ ಸಮ್ಮೇಳನಕ್ಕೆ ಸ್ಪೇನಿಗೆ ಹೋದ. ವಾಪಸ್ ಬಂದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹುಚ್ಚು ಹಿಡಿದವನ ಹಾಗೆ ಬರೆದ. ಸ್ಪೇನ್ ಕುರಿತ 15 ಕವಿತೆಗಳು ಆಗಿನವು.

‘ಮಾಸಾ’ (ಜನಸಮೂಹ) ಓದಿ. ಕಾಳಗ ಮುಗಿದಿದೆ, ಸೈನಿಕ ಸತ್ತಿದ್ದಾನೆ. ಒಬ್ಬ ಬಂದು ಸಾಯಬೇಡ, ನಿನ್ನ ಮೇಲೆ ಇಷ್ಟು ಪ್ರೀತಿ ನನಗೆ ಅನ್ನುತ್ತಾನೆ. ಹೆಣ ಸಾಯುತ್ತಲೇ ಇರುತ್ತದೆ. ಇಬ್ಬರು ಬರುತ್ತಾರೆ. ಆಮೇಲೆ ಇಪ್ಪತ್ತು, ನೂರು, ಸಾವಿರ, ಐದು ಲಕ್ಷ. ಹೆಣ ಸಾಯುತ್ತಲೇ ಇರುತ್ತದೆ. ಕೊನೆಗೆ ಭೂಮಿಯ ಮೇಲಿನ ಎಲ್ಲರೂ ಬಂದು ಸುತ್ತ ನಿಲ್ಲುತ್ತಾರೆ. ಆಗ ಎದ್ದು ಕೂರುತ್ತದೆ, ಮೊದಲು ಬಂದವನನ್ನು ತಬ್ಬಿಕೊಂಡು ನಡೆಯೋಕೆ ಶುರು ಮಾಡುತ್ತದೆ.

ಆ 15 ಕವಿತೆಗಳ ಪುಸ್ತಕವನ್ನು ಅಚ್ಚು ಹಾಕಿದ್ದು ಯಾರು ಗೊತ್ತಾ? ಗಣರಾಜ್ಯದ ಸೈನಿಕರು. ಕವಿ ಮಾನುಎಲ್ ಅಲ್ತೊಲಾಗಿರ್ರೆ ಉಸ್ತುವಾರಿಯಲ್ಲಿ, ಕತಲೂನ್ಯಾದ ಮೊಂತ್ಸೆರ್ರಾತ್ ಮಠದಲ್ಲಿ, 1939ರ ಜನವರಿಯಲ್ಲಿ. ಅಷ್ಟರಲ್ಲೇ ಫ್ರಾಂಕೊ ಪಡೆ ಕತಲೂನ್ಯಾ ಹಿಡಿಯಿತು, ಪ್ರತಿಗಳೆಲ್ಲ ನಾಶವಾದವು ಅಂದುಕೊಂಡಿದ್ದರು. 1980ರ ದಶಕದಲ್ಲಿ ಅದೇ ಮಠದ ಪುಸ್ತಕಭಂಡಾರದಲ್ಲಿ ಕೆಲವು ಪ್ರತಿ ಸಿಕ್ಕವು.

ಖಾರದಪುಡಿ
‘ಮಾಸಾ’ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಯೇಸು ಸಾವಿನಿಂದ ಎಬ್ಬಿಸಿದ ಲಾಜರನ ಕಥೆ ಕಣ್ರೀ, ಬೈಬಲ್ಲಿನದು. ಪುಸ್ತಕದ ಹೆಸರೇ ‘ಸ್ಪೇನ್, ಈ ಪಾತ್ರೆಯನ್ನು ನನ್ನಿಂದ ದೂರ ಮಾಡು’, ಯೇಸು ಸಾಯುವ ಮುಂಚೆ ತೋಟದಲ್ಲಿ ಮಾಡಿದ ಪ್ರಾರ್ಥನೆ. ಪಕ್ಷದ ಕಾರ್ಡು ಜೇಬಿನಲ್ಲಿ, ಪ್ರಾರ್ಥನೆ ಬಾಯಲ್ಲಿ. ಪಕ್ಷ ಹೇಳಿದ ಹಾಗೆ ಬರೆದಾಗ ಏನಾಯಿತು ನೋಡಿ: 1931ರ ‘ಎಲ್ ತುಂಗ್‌ಸ್ತೆನೊ’ (ಟಂಗ್‌ಸ್ಟನ್) ಕಾದಂಬರಿ. ಅಮೆರಿಕನ್ ಗಣಿ ಕಂಪನಿ ಕೆಟ್ಟದ್ದು, ಅದರ ಚೇಲಾಗಳು ಕೆಟ್ಟವರು, ಕೊನೆಯಲ್ಲಿ ಕಾರ್ಮಿಕ ನಾಯಕ. ಕರಪತ್ರ ಓದಿದ ಹಾಗಾಯಿತು ನನಗೆ. ರಷ್ಯಾ ಮೇಲೆ ಬರೆದ ಪುಸ್ತಕದಲ್ಲಿ ಸ್ಟಾಲಿನ್ ಕಾಲದ ಕತ್ತಲು ಕಾಣೋದೇ ಇಲ್ಲ.

ಕೆಂಪು ಟೋಪಿ
ಆ ಗಣಿಗಳನ್ನು ನೋಡಿದ ಮೇಲೆ ಬರೆದಿದ್ದು, ಸುಮ್ನೆ ಕಲ್ಪನೆ ಅಲ್ಲ. ಮತ್ತೆ ಪಕ್ಷ ಬೇರೆ, ಕವಿತೆ ಬೇರೆ ಅಂತ ಸುಲಭವಾಗಿ ಕತ್ತರಿಸುತ್ತೀರಲ್ಲ. ಪೆದ್ರೊ ರೋಹಾಸ್ ಕವಿತೆ ನೋಡಿ. ರೈಲ್ವೆ ಕೆಲಸಗಾರ, ಅವನನ್ನು ಕೊಂದಿದ್ದಾರೆ. ಹೆಣದ ಕೋಟಿನ ಜೇಬಿನಲ್ಲಿ ಒಂದು ಚಮಚ ಸಿಗುತ್ತದೆ. ಆ ಚಮಚದಲ್ಲಿ ವರ್ಗ ಇದೆಯೋ ಇಲ್ಲವೋ?

ಖಾರದಪುಡಿ
ಚಮಚದಲ್ಲಿ ಕವಿತೆ ಇದೆ. ವರ್ಗ ನೀವು ಹಾಕಿದ್ದು.

ನಿವೃತ್ತ ಮೇಷ್ಟ್ರು
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಕಬ್ಬಿನ ತೋಟದ ಲೆಕ್ಕದವನಾಗಿದ್ದಾಗಲೇ, ಮಾರ್ಕ್ಸ್‌ನನ್ನು ಓದುವ ಮೊದಲೇ, ಅವನಲ್ಲಿ ಆ ‘ಬೇರೆಯವರ ರೊಟ್ಟಿ ತಿಂದಿದ್ದೇನೆ’ ಅನ್ನೋ ಅಪರಾಧಭಾವ ಇತ್ತು. ಚರ್ಚಿನಿಂದ ಬಂದಿದ್ದು ಅದು. ಮುಂದೆ ರಾಜಕೀಯ ಅದಕ್ಕೊಂದು ದಾರಿ ಕೊಟ್ಟಿತು. ಪೆರುವಿನ ಮಾರ್ಕ್ಸ್‌ವಾದಿ ಹೊಸೆ ಕಾರ್ಲೋಸ್ ಮಾರಿಯಾತೆಗಿ 1928ರಲ್ಲೇ ವಯೆಹೊ ಬಗ್ಗೆ ಬರೆದರು. ಪಕ್ಷದ ಕವಿ ಅಂತಲ್ಲ, ಆಂಡೀಸ್ ಜನರ ದುಃಖವನ್ನು ಮೊದಲ ಸಲ ತನ್ನದೇ ದನಿಯಲ್ಲಿ ಹೇಳಿದವನು ಅಂತ ಮೆಚ್ಚಿ ಬರೆದರು.

ಹಿತ್ತಲ ಗಿಡ
ಜಾರ್ಜೆತ್ ಹೆಸರು ಒಂದೆರಡು ಸಾಲಿನಲ್ಲಿ ಬಂದು ಹೋಯಿತು. ಆಸ್ತಿ ಕೊಟ್ಟವಳು, ಸಮಾಧಿ ಬದಲಿಸಿದವಳು. ಅಷ್ಟೇನಾ?

ವಯೆಹೊ ಬದುಕಿದ್ದಾಗ ಬಂದಿದ್ದು ಎರಡೇ ಕವನ ಸಂಕಲನ. 1922ರ ನಂತರ 16 ವರ್ಷ ಕವನದ ಪುಸ್ತಕ ಇಲ್ಲ. ಖಾರದಪುಡಿಯವರು ಮೆಚ್ಚಿದ ‘ಪ್ಯಾರಿಸ್ಸಿನ ಕೊನೆಯ ಕವಿತೆಗಳು’ ಅವನು ಸತ್ತಾಗ ಬರೀ ಟೈಪ್ ಮಾಡಿದ ಹಾಳೆಗಳು. ಆ ಹಾಳೆಗಳನ್ನು ಉಳಿಸಿ, ಪೆರುವಿನ ಇತಿಹಾಸಕಾರ ರೌಲ್ ಪೊರ್ರಾಸ್ ಬಾರ್ರೆನೆಚೆಯಾ ಜೊತೆ ಸೇರಿ 1939ರಲ್ಲೇ ‘ಪೊಯೆಮಾಸ್ ಉಮಾನೋಸ್’ (ಮನುಷ್ಯ ಕವಿತೆಗಳು) ಅಂತ ಹೊರತಂದವಳು ಈಕೆ. ಆ ಶೀರ್ಷಿಕೆ ಕೂಡ ಅವನು ಇಟ್ಟಿದ್ದಲ್ಲ. ಆಕೆ ಇಲ್ಲದಿದ್ದರೆ ಈ ಚರ್ಚೆ ತ್ರಿಲ್ಸೆಯ ಕೆಸರಲ್ಲೇ ಮುಗಿಯುತ್ತಿತ್ತು.

1951ರಲ್ಲಿ ಆಕೆ ಪ್ಯಾರಿಸ್ ಬಿಟ್ಟು ಲೀಮಾಕ್ಕೆ ಹೋದಳು. ಗಂಡನ ದೇಶ, ಗಂಡ ಇಲ್ಲ, ಭಾಷೆ ಬೇರೆ. 1984ರಲ್ಲಿ ಸಾಯುವವರೆಗೂ ಅಲ್ಲೇ. ಯಾವ ಕವಿತೆ ಯಾವಾಗಿನದು, ಯಾವ ಸಂಕಲನಕ್ಕೆ ಸೇರಿದ್ದು ಅಂತ ಕವಿಯ ಗೆಳೆಯ ಹುವಾನ್ ಲಾರ್ರೆಯಾ ಜೊತೆ ದೊಡ್ಡ ಜಗಳ. ಪಂಡಿತರೆಲ್ಲ ಆಕೆಯನ್ನು ಜಗಳಗಂಟಿ, ಹಟಮಾರಿ ಅಂದರು. 1968ರಲ್ಲಿ ಲೀಮಾದಲ್ಲಿ ಹಸ್ತಪ್ರತಿಗಳ ಪಡಿಯಚ್ಚು ಸಮೇತ ಸಮಗ್ರ ಕಾವ್ಯ ಬಂದಿದ್ದು ಆಕೆಯ ಹಟದಿಂದಲೇ. ಸಮಾಧಿ ಮೇಲೆ ಫ್ರೆಂಚ್‌ನಲ್ಲಿ ಒಂದು ಸಾಲು ಕೆತ್ತಿಸಿದ್ದಾಳೆ: ನೀನು ಮಲಗಲೆಂದು ನಾನು ಅಷ್ಟೊಂದು ಹಿಮವಾಗಿ ಸುರಿದೆ. ಕವಿ ಬರೀ ಗಂಡನೊಬ್ಬನೇ ಅಲ್ಲ ಆ ಮನೆಯಲ್ಲಿ.

ಪ್ಯಾರಿಸ್ ಪರದೇಸಿ
ಹೌದು, ಆ ಸಾಲು ನೋಡಿದ್ದೇನೆ. ಆದರೆ ಗಿಡದವರೇ, ಲಾರ್ರೆಯಾನೂ ಸುಮ್ಮನೆ ಎದುರು ನಿಂತವನಲ್ಲ. 1926ರಲ್ಲಿ ಇಬ್ಬರೂ ಸೇರಿ ಪತ್ರಿಕೆ ಮಾಡಿದವರು. ಎರಡೇ ಸಂಚಿಕೆಗೆ ನಿಂತಿತು ಅನ್ನಿ. ಬಹಳಷ್ಟು ಕವಿತೆಗೆ ಕವಿ ತಾರೀಕು ಹಾಕಿಲ್ಲ, ಹಾಗಾಗಿ ಅನುಮಾನ ಬರೋದು ಸಹಜ.

ಹಿತ್ತಲ ಗಿಡ
ಅನುಮಾನ ಪಡಲಿ. ಆಕೆಗೆ ಹೆಸರಿಡೋದು ಯಾಕೆ?

ಧಾರವಾಡದಾಂವ
ಸಿನಿಮಾ ನೋಡೋರು ಇದ್ದರೆ ಹೇಳ್ತೀನಿ. ಸ್ವೀಡನ್‌ನ ರಾಯ್ ಆಂಡರ್ಸನ್ 2000ದಲ್ಲಿ ಮಾಡಿದ ‘ಸಾಂಗ್ಸ್ ಫ್ರಮ್ ದ ಸೆಕೆಂಡ್ ಫ್ಲೋರ್’ ವಯೆಹೊಗೆ ಅರ್ಪಣೆ. ಅವನ ಕವಿತೆಯ ಸಾಲು ಮತ್ತ ಮತ್ತ ಬರ್ತದ. ಕುಂತವನು ಪ್ರಿಯನಾಗಲಿ, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವನು ಪ್ರಿಯನಾಗಲಿ, ಹಂಗ. ಹೋಗಲಿ ಬಿಡು ಅನ್ನೋವಂಥ ಸಣ್ಣ ಸಣ್ಣ ಮಂದಿಗೆಲ್ಲ ಆಶೀರ್ವಾದ. ಇದರಾಗ ಕವಿಯ ಜೈಲೂ ಇಲ್ಲ, ಬಡತನಾನೂ ಇಲ್ಲ. ಆ ನಿರ್ದೇಶಕ ಯಾವ ಗ್ರೇಸ್ ಮಾರ್ಕ್ಸೂ ಕೊಟ್ಟಿಲ್ಲ.

ಗೋಲ್‌ಕೀಪರ್
ಚಿಲಿಯ ಲೇಖಕ ಬೊಲಾನ್ಯೊನ ಕಾದಂಬರಿ ‘ಮೊಸ್ಯು ಪ್ಯಾಂ’ ಕೂಡ ಇದೆ. ಪ್ಯಾರಿಸ್ ಆಸ್ಪತ್ರೆಯಲ್ಲಿ ವಯೆಹೊಗೆ ಬಿಕ್ಕಳಿಕೆ ನಿಲ್ಲುತ್ತಿಲ್ಲ, ಸಮ್ಮೋಹನ ಮಾಡುವವನನ್ನು ಕರೆಸುತ್ತಾರೆ, ಇಬ್ಬರು ನಿಗೂಢ ಸ್ಪೇನಿನವರು ಅಡ್ಡ ಬರುತ್ತಾರೆ. ಫುಟ್‌ಬಾಲ್ ಮಾತ್ರ ಗೊತ್ತು ಅಂದುಕೊಳ್ಳಬೇಡಿ. 😎

ನಿವೃತ್ತ ಮೇಷ್ಟ್ರು
ಅದು ಕಾದಂಬರಿ ಅನ್ನುವುದು ನೆನಪಿರಲಿ. ನಿಜದಲ್ಲಿ ಡಾಕ್ಟರುಗಳಿಗೆ ಯಾವ ಕಾಯಿಲೆ ಅಂತ ಹೇಳಲು ಆಗಲಿಲ್ಲ. ಹಳೆಯ ಮಲೇರಿಯಾ ಮರುಕಳಿಸಿರಬೇಕು ಅಂತ ಆಮೇಲೆ ಕೆಲವರು ಹೇಳಿದರು. ಅಂತ್ಯಕ್ರಿಯೆಯ ಹೊತ್ತಿಗೆ ಫ್ರೆಂಚ್ ಕವಿ ಲೂಯಿ ಅರಾಗಾನ್ ಮಾತಾಡಿದ.

ಅರೆಬರೆ ಓದುಗ
ತುಂಗೆಯವರು ಹೇಳಿದ ನಾಲ್ಕು, ಜೊತೆಗೆ ‘ಮಾಸಾ’ ಓದಿದೆ. ಮೂರನೆಯದು ಹಿಡಿಸಿತು, ಬಹಳ. ‘ಮಾಸಾ’ ಮೊದಲ ಸಲ ಓದಿದಾಗ ಭಾಷಣ ಅನ್ನಿಸಿತು, ಎರಡನೇ ಸಲ ಅನ್ನಿಸಲಿಲ್ಲ. 23ರಲ್ಲಿ ಅಮ್ಮನನ್ನು ಬಿಸ್ಕತ್ತಿನ ಒಲೆ ಅಂತಾನಲ್ಲ, ಆಮೇಲೆ ನೀನು ಬಿಟ್ಟುಹೋದ ಜಾಗಕ್ಕೂ ಜಗತ್ತು ನಮ್ಮ ಹತ್ತಿರ ಬಾಡಿಗೆ ಕೇಳುತ್ತಿದೆ ಅನ್ನೋ ಧಾಟಿಗೆ ಹೋಗುತ್ತಾನಲ್ಲ, ಅಲ್ಲಿ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. ಆದರೂ ನನ್ನ ಪ್ರಶ್ನೆ ಪೂರ್ತಿ ಹೋಗಿಲ್ಲ. ಕಥೆ ಗೊತ್ತಿಲ್ಲದೆ ಓದಿದ್ದರೆ ಹೀಗೇ ಅನ್ನಿಸುತ್ತಿತ್ತಾ ಅಂತ ಪರೀಕ್ಷೆ ಮಾಡೋದು ಹೇಗೆ?

ಖಾರದಪುಡಿ
ಮನೆಯಲ್ಲಿ ಯಾರಿಗಾದರೂ ಕವಿ ಯಾರು ಅಂತ ಹೇಳದೆ ಓದಿ ಹೇಳಿ. ಸುಲಭ.

ಹಿತ್ತಲ ಗಿಡ
ನಾನು ಮಾಡಿದ್ದೇನೆ. ಕವಿತೆ ಅಲ್ಲ, ಅವನ ಮಕ್ಕಳ ಕಥೆ ‘ಪಾಕೊ ಯುಂಕೆ’. ನಮ್ಮ ಬೀದಿಯ ಮಕ್ಕಳಿಗೆ ಕನ್ನಡದಲ್ಲಿ ಬಾಯಿಮಾತಲ್ಲಿ ಹೇಳಿದೆ. ಹಳ್ಳಿಯಿಂದ ಬಂದ ಕೆಲಸದವಳ ಮಗ ಪಾಕೊ ಮೊದಲ ದಿನ ಶಾಲೆಗೆ ಬರುತ್ತಾನೆ. ಧಣಿಯ ಮಗ ಉಂಬೆರ್ತೊ ಗ್ರೀವ್ ಅದೇ ಕ್ಲಾಸು. ಅಪ್ಪ ರೈಲ್ವೆ ಮ್ಯಾನೇಜರ್, ಇಂಗ್ಲಿಷಿನವನು, ಊರಿನ ಮೇಯರ್ ಕೂಡ. ಬಡ ಹುಡುಗ ತಡವಾಗಿ ಬಂದರೆ ಶಿಕ್ಷೆ, ಗ್ರೀವ್ ತಡವಾಗಿ ಬಂದರೆ ಏನಿಲ್ಲ. ನಮ್ಮನೆ ಮೀನು ನೀರಿಲ್ಲದೆಯೂ ಬದುಕುತ್ತವೆ ಅಂತ ಗ್ರೀವ್ ಹೇಳಿದರೂ ಮೇಷ್ಟ್ರು ಗಟ್ಟಿಯಾಗಿ ಗದರಲ್ಲ. ಮೀನಿನ ಬಗ್ಗೆ ಪಾಕೊ ಬರೆದ ಹಾಳೆ ಕದ್ದು ಗ್ರೀವ್ ತನ್ನ ಹೆಸರು ಹಾಕುತ್ತಾನೆ, ಮೆಚ್ಚುಗೆ ಅವನಿಗೇ ಸಿಗುತ್ತದೆ. ಪಾಕೊ ಅಳುತ್ತಾನೆ. ಮುಗಿಯಿತು. ಮ್ಯಾಡ್ರಿಡ್ ಪ್ರಕಾಶಕರು ಮಕ್ಕಳ ಕಥೆ ಕೇಳಿ, ಬಂದ ಮೇಲೆ ತುಂಬಾ ದುಃಖ ಇದೆ ಅಂತ ವಾಪಸ್ ಕೊಟ್ಟರು. 1951ರವರೆಗೆ ಅಚ್ಚಾಗಲಿಲ್ಲ. ಈಗ ಪೆರುವಿನ ಶಾಲೆಗಳಲ್ಲಿ ಓದುತ್ತಾರೆ.

ನಮ್ಮ ಮಕ್ಕಳು ಕೇಳಿದ್ದು ಒಂದೇ: ಆಮೇಲೆ ಗ್ರೀವ್‌ಗೆ ಯಾರು ಹೊಡೆದರು?

ನಿವೃತ್ತ ಮೇಷ್ಟ್ರು
ಇದನ್ನು ನಾಟಕ ಮಾಡಬಹುದಲ್ಲ! ಒಂದೇ ಕ್ಲಾಸ್‌ರೂಮ್, ಸೆಟ್ ಖರ್ಚಿಲ್ಲ. ಬೇಸಿಗೆ ಶಿಬಿರಕ್ಕೆ ಸರಿಹೋಗುತ್ತದೆ. ಯಾರಾದರೂ ಕನ್ನಡಕ್ಕೆ ಮಾಡಿಕೊಡುತ್ತೀರಾ?

ತುಂಗೆ ದಂಡೆ
ಸ್ಪ್ಯಾನಿಷ್‌ನಿಂದಲೇ ಮಾಡಿಕೊಡುತ್ತೇನೆ ಮೇಷ್ಟ್ರೇ. ಆದರೆ ಒಂದು ಷರತ್ತು, ಕೊನೆ ಬದಲಿಸಬಾರದು.

ಖಾರದಪುಡಿ
ಬದಲಿಸದೆ ಇದ್ದರೆ ಅಪ್ಪ ಅಮ್ಮಂದಿರು ಗಲಾಟೆ ಮಾಡುತ್ತಾರೆ. ಗ್ಯಾರಂಟಿ.

ಕೆಂಪು ಟೋಪಿ
ಮಾಡಲಿ ಬಿಡಿ, ಅದಕ್ಕೇ ಬರೆದಿದ್ದು ಅವನು.

ಧಾರವಾಡದಾಂವ
ಶಿಬಿರ ಮಾಡಿಸಿದ ಅನುಭವದಿಂದ ಹೇಳ್ತೀನಿ ಮೇಷ್ಟ್ರ. ಪಾಕೊ ಆಗಾಕ ಯಾರೂ ತಯಾರಾಗೋದಿಲ್ಲ, ಗ್ರೀವ್ ಪಾತ್ರಕ್ಕ ಮಾತ್ರ ದೊಡ್ಡ ಸಾಲು ನಿಂತಿರ್ತದ.